ಹಳೇ ಟೆಲಿಫೋನ್ ವೈರು ತೂಕಕ್ಕೆ ಹಾಕುವ ಮುಂಚೆ

ಸಂಕ್ರಾಂತಿ ಮುಗಿದ ವಾರ ನಾರಾಯಣಪೇಟೆ ಬಜಾರಿನಲ್ಲಿ ಸ್ನೇಹಿತರೊಬ್ಬರ ಅಡತಿ ಅಂಗಡಿಗೆ ಹೋಗಿದ್ದೆ. ಒಬ್ಬ ಹುಡುಗ ನಿಚ್ಚಣಿಕೆ ಹತ್ತಿ, ತೊಲೆಯ ಗುಂಟ ಮೊಳೆ ಹೊಡೆದು ಕೂಡಿಸಿದ್ದ ಹಳೇ ವೈರನ್ನು ಇಕ್ಕಳದಿಂದ ಕಿತ್ತು ಕಿತ್ತು ಕೆಳಗೆ ಬಿಡುತ್ತಿದ್ದ. ಏನಪ್ಪಾ ಅದು ಅಂದೆ. “ಫೋನಿನ ವೈರ್ ಕಾಕಾ. ಸತ್ತು ಹತ್ತು ವರ್ಷ ಆತು. ಒಳಗ ತಾಮ್ರ ಅದ, ತೂಕಕ್ಕ ಹಾಕಿದ್ರ ಚಾದ ಖರ್ಚಿಗರೆ ಆಗ್ತದ” ಅಂದ.

ಅದೇ ಹೊತ್ತಿಗೆ ಗಾದಿಯ ಮೇಲೆ ಕುಳಿತಿದ್ದ ಸ್ನೇಹಿತರು ತಲೆಯ ಮೇಲೆ ಕೈ ಹೊತ್ತಿದ್ದರು. ಅಂಗಡಿಗೆ ಹೊಸದಾಗಿ ಫೈಬರ್ ಇಂಟರ್‌ನೆಟ್ ಹಾಕಿಸಿದ್ದಾರೆ. ಕಂಪ್ಯೂಟರ್ ಅದ, ಪ್ರಿಂಟರ್ ಅದ. ಆದರೆ ಎಲೆಕ್ಟ್ರಾನಿಕ್ ಕಾಟಾ ಇರುವುದು ಹಿಂದಿನ ಗೋದಾಮಿನಲ್ಲಿ. ನಡುವೆ ಮನೆ, ಅಂಗಳ, ಮತ್ತೊಂದು ಗೋಡೆ. ನಮ್ಮ ಕಡೆಯ ಹಳೇ ಗೋಡೆ ಅಂದರೆ ನಿಮಗೆ ಗೊತ್ತಿದ್ದದ್ದೇ, ಎರಡಡಿಗೆ ಕಮ್ಮಿ ಇಲ್ಲದ ಕಲ್ಲು ಮಣ್ಣು. ಗೋದಾಮಿಗೆ ತಗಡಿನ ಮಾಡು. ಅಂಗಡಿಯಲ್ಲಿ ತುಂಬಿ ತುಳುಕುವ ವೈಫೈ ಅಂಗಳ ದಾಟುವಷ್ಟರಲ್ಲಿ ಉಸಿರು ಬಿಡುತ್ತದೆ. ಕೇಳಿದರೆ, ಮೂರು ಗೋಡೆಗೆ ತೂತು ಹೊಡೆಯಬೇಕು, ಹೊಸ ಕೇಬಲ್ ಎಳೆಯಬೇಕು ಎಂದು ಮೆಕ್ಯಾನಿಕ್ ಹೇಳಿ ಹೋಗಿದ್ದಾನೆ. ಮನೆಯಲ್ಲಿ ಮಗಳ ಮದುವೆ ಇದೆ, ಸುಣ್ಣ ಬಣ್ಣ ಈಗಷ್ಟೇ ಮುಗಿದಿದೆ. “ಏಂ ಚೇದ್ದಾಂ ಕವಿಗಾರೂ?” ಅಂದರು.

ನಾನು ಹುಡುಗನಿಗೆ “ಕೀಳಬ್ಯಾಡ ನಿಲ್ಲು, ಅದು ಎಲ್ಲಿತನಕ ಹೋಗ್ಯದ ನೋಡೋಣ” ಅಂದೆ. ವೈರಿನ ಬೆನ್ನು ಹತ್ತಿ ಹೋದೆವು. ಪಡಸಾಲೆಯ ಜಂತಿ ದಾಟಿ, ಅಡುಗೆಮನೆಯ ಹಿಂಗೋಡೆ ದಾಟಿ, ಅಂಗಳದ ಮೇಲೆ ಜೋತು ಬಿದ್ದು, ಅದು ಹೋಗಿ ನಿಂತದ್ದು ಗೋದಾಮಿನ ಬಾಗಿಲ ಪಕ್ಕದ ಧೂಳು ತುಂಬಿದ ರೋಸೆಟ್ ಡಬ್ಬಿಯಲ್ಲಿ. ಒಂದು ಕಾಲಕ್ಕೆ ಅಲ್ಲಿ ಪ್ಯಾರಲಲ್ ಫೋನ್ ಇತ್ತು. ಮೂರೂ ಗೋಡೆಗಳಿಗೆ ತೂತು ಆಗಲೇ ಹೊಡೆದಿತ್ತು, ತಂತಿ ಆಗಲೇ ಎಳೆದಿತ್ತು. ಕೀಳುತ್ತಿದ್ದ ವಸ್ತುವೇ ಬೇಕಾದ ವಸ್ತು.

ನಾನು ಹೇಳಬೇಕೆಂದಿರುವುದು ಇಷ್ಟೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಊರುಗಳ ಹಳೇ ಅಂಗಡಿ, ಗೋದಾಮು, ಮಿಲ್ಲುಗಳ ಗೋಡೆಯಲ್ಲಿ ಸತ್ತು ಮಲಗಿರುವ ಟೆಲಿಫೋನ್ ವೈರಿನ ಮೇಲೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಬಹುದು. ಅದನ್ನು ಮೋಡಿಗೆ ಹಾಕುವ ಮುಂಚೆ ಒಂದು ಸಲ ಪರೀಕ್ಷೆ ಮಾಡಿ ನೋಡಬೇಕು.

ಇದರಿಂದ ರೈತನಿಗೇನು ಬಂತು ಅಂತ ಕೇಳುವವರಿಗೆ ನನ್ನದೇ ಒಂದು ಸಂಗತಿ ಹೇಳುತ್ತೇನೆ. ಮೂರು ವರ್ಷದ ಹಿಂದಿನ ಮಾತು. ಊರು ಬೇಡ, ಅಂಗಡಿ ಬೇಡ. ತೊಗರಿ ತಂದು ಹಾಕಿದ್ದೆ. ಹಿಂದೆ ಕಾಟಾ, ಮುಂದೆ ಗುಮಾಸ್ತ. ಕಾಟಾದ ಹತ್ತಿರ ನಿಂತ ಹಮಾಲ ತೆಲುಗಿನಲ್ಲಿ ಲಾಟಿನ ನಂಬರು, ತೂಕ ಕೂಗುತ್ತಾನೆ. ಮುಂದೆ ಕುಳಿತ ಗುಮಾಸ್ತ ಗುರುಮಠಕಲ್ ಕಡೆಯ ಹುಡುಗ, ಬರೆದುಕೊಳ್ಳುತ್ತಾನೆ. ನನ್ನ ಲಾಟು ಇಪ್ಪತ್ತಾರು. ಹಮಾಲ ‘ಇರವೈ ಆರು’ ಅಂದ, ಹುಡುಗನಿಗೆ ಕೇಳಿದ್ದು ‘ಅರವೈ ಆರು’. ಎರಡೂ ಭಾಷೆ ಬಲ್ಲವರಿಗೆ ನಗು ಬರಬಹುದು. ಆದರೆ ಲಾರಿಯ ಸದ್ದಿನಲ್ಲಿ ಮೊದಲ ಅಕ್ಷರ ನುಂಗಿಹೋದರೆ ಉಳಿಯುವುದು ‘ರವೈ’ ಮಾತ್ರ, ಅದು ಇಪ್ಪತ್ತೂ ಆಗಬಹುದು, ಅರವತ್ತೂ ಆಗಬಹುದು. ನನ್ನ ಹನ್ನೊಂದು ಚೀಲದ ತೂಕ ಬೇರೊಬ್ಬನ ಹೆಸರಿನ ಮುಂದೆ ಕುಳಿತಿತು. ನನ್ನ ಹೆಸರಿನ ಮುಂದೆ ಖಾಲಿ. ಸಂಜೆ ಆ ಅರವತ್ತಾರನೇ ಲಾಟಿನವನ ಚೀಲ ಕಾಟಾಕ್ಕೆ ಬಂದಾಗಲೇ ತಿಳಿದದ್ದು. ಅಷ್ಟರಲ್ಲಿ ನನ್ನ ಚೀಲಗಳು ದೊಡ್ಡ ರಾಶಿಯಲ್ಲಿ ಕೂಡಿಹೋಗಿದ್ದವು.

ಯಾರೂ ಮೋಸ ಮಾಡಿರಲಿಲ್ಲ. ಕೊನೆಗೆ ಲೆಕ್ಕ ಸರಿಯಾಯಿತು, ದುಡ್ಡೂ ಬಂತು. ಆದರೆ ಆ ಎರಡು ತಾಸು ನಾನು ಆಡಬಾರದ ಮಾತು ಆಡಿದೆ, ಕೇಳಬಾರದ ಮಾತು ಕೇಳಿದೆ. ಆ ಹುಡುಗ ಈಗಲೂ ನನ್ನ ಮುಖ ನೋಡಿದರೆ ತಲೆ ತಗ್ಗಿಸುತ್ತಾನೆ. ಕಾಟಾದ ಅಂಕಿ ತಾನೇ ತಂತಿಯ ಮೇಲೆ ನಡೆದು ಮುಂದಿನ ಪರದೆಗೆ ಬಂದಿದ್ದರೆ ಅದು ತೆಲುಗೂ ಅಲ್ಲ, ಕನ್ನಡವೂ ಅಲ್ಲ. ಅಂಕಿ ಅಂಕಿಯೇ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕಂಪ್ಯೂಟರ್ ನೆಟ್‌ವರ್ಕ್ ಅಂದರೆ ಇಂಟರ್‌ನೆಟ್ ಅಂತ ನಮ್ಮ ಜನ ತಿಳಿದಿದ್ದಾರೆ. ಎರಡೂ ಒಂದಲ್ಲ. ಒಂದೇ ಅಂಗಳದ ಎರಡು ಯಂತ್ರಗಳು ತಮ್ಮತಮ್ಮೊಳಗೆ ಮಾತಾಡಲು ಹೈದರಾಬಾದಿನ ಅಪ್ಪಣೆಯೂ ಬೇಡ, ಬೆಂಗಳೂರಿನ ಅಪ್ಪಣೆಯೂ ಬೇಡ. ಹೊರಗೆ ರಸ್ತೆ ಅಗೆಯುವಾಗ ಫೈಬರ್ ಕಡಿದುಹೋದರೂ ಗೋದಾಮಿನ ತೂಕ ಅಂಗಡಿಗೆ ಬರುತ್ತಲೇ ಇರುತ್ತದೆ. ಮನೆಯ ಬಾವಿ ಇದ್ದ ಹಾಗೆ. ಊರ ನಳಕ್ಕೆ ನೀರು ಬರಲಿ ಬಿಡಲಿ, ಹಗ್ಗ ಕೊಡ ನಮ್ಮ ಕೈಯಲ್ಲಿ.

ಈಗ ತಂತಿಯ ಸಮಾಚಾರ. ತೆಲುಗಿನಲ್ಲಿ ವೈರಿಗೆ ‘ತೀಗ’ ಅಂತಾರೆ, ಅದೇ ಮಾತು ಬಳ್ಳಿಗೂ. ನಮ್ಮ ಕನ್ನಡದಲ್ಲಿ ‘ತಂತಿ’ ಅಂದರೆ ವೀಣೆಯದೂ ಹೌದು, ಟೆಲಿಗ್ರಾಮೂ ಹೌದು. ‘ತಂತಿ ಬಂತು’ ಅಂದರೆ ಹೆಂಗಸರು ಅಳಲು ಶುರು ಮಾಡುತ್ತಿದ್ದ ಕಾಲ ನನಗೆ ನೆನಪಿದೆ. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಅದಕ್ಕೂ ಮೊದಲು ಹಳ್ಳಿಗೆ ಫೋನ್ ಬಂದದ್ದು ಸಿ-ಡಾಟ್ ಪುಣ್ಯದಿಂದ. 1984ರಲ್ಲಿ ಆ ಸಂಸ್ಥೆ ಹುಟ್ಟಿತು, ಏರ್‌ಕಂಡೀಷನ್ ಇಲ್ಲದೆ ನಮ್ಮ ಬಿಸಿಲು ಧೂಳಿನಲ್ಲೇ ನಡೆಯುವ 128 ಲೈನಿನ ಚಿಕ್ಕ ಎಕ್ಸ್‌ಚೇಂಜ್ ಮಾಡಿತು. 1986ರಲ್ಲಿ ಮೊದಲು ಕೂಡಿಸಿದ್ದು ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ. ತೊಂಬತ್ತರ ದಶಕದಲ್ಲಿ ಫೋನ್ ಬಂದ ಮನೆ ಅಂದರೆ ಟ್ರ್ಯಾಕ್ಟರ್ ಬಂದ ಮನೆಗಿಂತ ಒಂದು ಗೇಣು ಎತ್ತರ. ವ್ಯಾಪಾರಸ್ಥರು ಅಂಗಡಿಗೊಂದು, ಮನೆಗೊಂದು, ಗೋದಾಮಿಗೊಂದು ಪ್ಯಾರಲಲ್ ಎಳೆಸಿದರು. ಮಿಲ್ಲಿನವರು ಇಂಟರ್‌ಕಾಮ್ ಹಾಕಿಸಿದರು. ಮೊಬೈಲ್ ಬಂದ ಮೇಲೆ ಉಪಕರಣ ಮಾಯವಾಯಿತು, ವೈರು ಗೋಡೆಯಲ್ಲೇ ಉಳಿಯಿತು.

ಒಂದು ಜೋಡಿ ತಾಮ್ರದ ಎಳೆಯಲ್ಲಿ ನಮ್ಮ ಮಾತು ಹೋಗಲು ಬೇಕಾಗುವುದು ತೀರ ಸಣ್ಣ ಜಾಗ, 300ರಿಂದ 3400 ಹರ್ಟ್ಜ್ ಅಷ್ಟೆ. ದೊಡ್ಡ ಕಾಲುವೆಯ ತಳದಲ್ಲಿ ಒಂದು ಗೇಣು ನೀರು ಹರಿದಂತೆ. ಮೇಲಿನ ಜಾಗವೆಲ್ಲ ಖಾಲಿ. ಫೋನಿನ ಲೈನಿನ ಮೇಲೆ ಬರುತ್ತಿದ್ದ ಬ್ರಾಡ್‌ಬ್ಯಾಂಡ್, ಅಂದರೆ ಎಡಿಎಸ್‌ಎಲ್, ಸುಮಾರು 25 ಕಿಲೋಹರ್ಟ್ಜ್‌ನಿಂದ 1.1 ಮೆಗಾಹರ್ಟ್ಜ್‌ವರೆಗಿನ ಜಾಗ ಹಿಡಿಯುತ್ತಿತ್ತು. ಅದಕ್ಕೇ ಇಂಟರ್‌ನೆಟ್ ನಡೆಯುತ್ತಿರುವಾಗಲೇ ಫೋನಿನಲ್ಲಿ ಮಾತಾಡಲು ಬರುತ್ತಿತ್ತು, ಫೋನಿನ ಹತ್ತಿರ ಸ್ಪ್ಲಿಟರ್ ಎಂಬ ಚಿಕ್ಕ ಡಬ್ಬಿ ಕೂತು ಕೆಳಗಿನ ನೀರು ಕೆಳಗೆ, ಮೇಲಿನ ನೀರು ಮೇಲೆ ಬೇರೆ ಮಾಡುತ್ತಿತ್ತು. ಅದಕ್ಕೂ ಮೇಲೆ, 4ರಿಂದ 10 ಮೆಗಾಹರ್ಟ್ಜ್ ಜಾಗದಲ್ಲಿ, ಅಮೆರಿಕದವರು ಮನೆಯೊಳಗಿನ ಕಂಪ್ಯೂಟರುಗಳನ್ನೇ ಜೋಡಿಸಿದರು. 1998ರಲ್ಲಿ ಇಂಟೆಲ್, ಐಬಿಎಂ, ಕಾಂಪ್ಯಾಕ್ ಮೊದಲಾದ ಕಂಪನಿಗಳು ಕೂಡಿ ಹೋಂಪಿಎನ್‌ಎ ಎಂಬ ಕೂಟ ಕಟ್ಟಿದವು. ಅದರ ಮೊದಲ ಪದ್ಧತಿಯಲ್ಲಿ ಸೆಕೆಂಡಿಗೆ 1 ಮೆಗಾಬಿಟ್, ಮುಂದಿನದರಲ್ಲಿ 10 ಮೆಗಾಬಿಟ್. ಮನೆಯ ಗೋಡೆ ಮುಟ್ಟುವಂತಿಲ್ಲ, ಇದ್ದ ಫೋನಿನ ವೈರೇ ಸಾಕು ಎಂಬುದೇ ಅವರ ಮಂತ್ರವಾಗಿತ್ತು.

ಅಲ್ಲಿ ಅದು ಬಹಳ ದಿನ ನಡೆಯಲಿಲ್ಲ, ವೈಫೈ ಬಂದು ನುಂಗಿತು. ಅದಕ್ಕೆ ಕಾರಣವೂ ಇದೆ. ಅವರ ಮನೆಗಳು ಬಹುಪಾಲು ಮರದ ಚೌಕಟ್ಟು, ತೆಳು ಹಲಗೆಯ ಗೋಡೆ. ವೈಫೈ ಅದರಲ್ಲಿ ಹಾಯ್ದು ಹೋಗುತ್ತದೆ. ನಾವು ಅವರನ್ನು ನೋಡಿ ವೈಫೈ ತಂದೆವು, ಗೋಡೆ ಮಾತ್ರ ನಮ್ಮದೇ. ಅವರು ಬಿಟ್ಟದ್ದು ಅವರಿಗೆ ಸರಿ. ಕಲ್ಲಿನ ಮನೆಯವರು ಬಿಡುವ ಮುಂಚೆ ಇನ್ನೊಂದು ಸಲ ವಿಚಾರ ಮಾಡಬೇಕಿತ್ತು.

ಹಾಗೆ ನೋಡಿದರೆ ಇವತ್ತಿನ ನೆಟ್‌ವರ್ಕ್ ಕೇಬಲ್ಲೇ ಟೆಲಿಫೋನ್ ವೈರಿನ ಮಗ. ಎರಡು ಎಳೆಗಳನ್ನು ಹಗ್ಗದ ಹಾಗೆ ಹೊಸೆದರೆ ಪಕ್ಕದ ತಂತಿಯ ಗದ್ದಲ ಒಳಗೆ ಬರುವುದಿಲ್ಲ ಎಂಬ ಯುಕ್ತಿಗೆ ಟೆಲಿಫೋನಿನ ಗ್ರಹಾಂಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ. 1990ರಲ್ಲಿ ಬಂದ 10 ಮೆಗಾಬಿಟ್ ಈಥರ್‌ನೆಟ್ ಪದ್ಧತಿಯನ್ನು ಕಚೇರಿಗಳ ಟೆಲಿಫೋನ್ ಮಾದರಿಯ ಹೊಸೆದ ವೈರಿನ ಮೇಲೆ ನಡೆಯುವಂತೆಯೇ ಮಾಡಿದ್ದರು. ಆದ್ದರಿಂದ ನಾನು ಹೇಳುವುದು ವಿಚಿತ್ರವೇನಲ್ಲ.

ಈಗ ಹೋಂಪಿಎನ್‌ಎ ಪೆಟ್ಟಿಗೆ ಹುಡುಕುವುದು ಬೇಡ. ವಿಡಿಎಸ್‌ಎಲ್ ಈಥರ್‌ನೆಟ್ ಎಕ್ಸ್‌ಟೆಂಡರ್ ಅಂತ ಕೇಳಿದರೆ ಜೋಡಿ ಪೆಟ್ಟಿಗೆ ಕೊಡುತ್ತಾರೆ. ಒಂದು ಈ ತುದಿಗೆ, ಒಂದು ಆ ತುದಿಗೆ. ನಡುವೆ ಎರಡೇ ಎಳೆಯ ಫೋನ್ ವೈರು. ನೂರಿನ್ನೂರು ಮೀಟರಿಗೆ ಬಹಳ ಚೆನ್ನಾಗಿ, ಒಂದು ಕಿಲೋಮೀಟರಿನತನಕವೂ ಕೆಲಸಕ್ಕೆ ಬರುವಷ್ಟು ನಡೆಯುತ್ತದೆ. ನನ್ನ ಅಕ್ಕನ ಮಗ ರಾಯಚೂರಿನಲ್ಲಿ ಡಿಪ್ಲೊಮಾ ಓದಿ ಇದೇ ಕೆಲಸ ಮಾಡುತ್ತಾನೆ. ಫೋನ್ ಮಾಡಿದೆ. “ಮಾಮಾ, ವೈರ್ ಕಿತ್ತಿಲ್ಲಲ್ಲ? ಹಂಗೇ ಬಿಡ್ರಿ, ಬರ್ತೀನಿ” ಅಂದ. ಭಾನುವಾರ ಬಸ್ಸಿಗೆ ಬಂದ, ಚೀಲದಲ್ಲಿ ಎರಡು ಪೆಟ್ಟಿಗೆ.

ಮೊದಲ ಸಲ ಹಚ್ಚಿದಾಗ ದೀಪ ಮಿನುಗುತ್ತದೆ, ನಿಲ್ಲುವುದಿಲ್ಲ. ತಪ್ಪು ನನ್ನದೇ. ಹುಡುಗ ಕಡಿದಿದ್ದ ಜಾಗದಲ್ಲಿ ಎಳೆಗಳನ್ನು ನಾನೇ ಕೈಯಿಂದ ತಿರುವಿ, ಪಂಪಿನ ವೈರಿಗೆ ಸುತ್ತುವ ಹಾಗೆ ಟೇಪು ಸುತ್ತಿದ್ದೆ. ಅವನು ನಕ್ಕ. “ಇದು ಮೋಟರ್ ಅಲ್ಲ ಮಾಮಾ.” ಆಮೇಲೆ ಒಂದು ಸೇರು ಕೆಲಸ ತೆಗೆದ. ಅಂಗಳದಲ್ಲಿ ಹಸಿರು ಹಿಡಿದಿದ್ದ ಒಂದು ಜೋಡಣೆ ಕತ್ತರಿಸಿ ಸರಿ ಮಾಡಿದ. ಪಡಸಾಲೆಯಿಂದ ಮೇಲಿನ ಕೋಣೆಗೆ ಹೋಗುವ ಒಂದು ಕವಲು ಇತ್ತು, ಅದನ್ನು ಬೇರೆ ಮಾಡಿ ಬಿಟ್ಟ. ಯಾಕೆ ಅಂದರೆ, ತುದಿಯಲ್ಲಿ ಏನೂ ಇಲ್ಲದ ಕವಲಿಗೆ ಹೋದ ಸಂಕೇತ ಖಾಲಿ ಬಾವಿಯಲ್ಲಿ ಕೂಗಿದ ಹಾಗೆ ತಿರುಗಿ ಬರುತ್ತದೆ, ಬಂದು ಹೊಸ ಮಾತಿನ ಮೇಲೆ ಬೀಳುತ್ತದೆ. ರೋಸೆಟ್ ಡಬ್ಬಿಗಳನ್ನೂ ತೆಗೆದು ವೈರನ್ನು ನೇರ ಕೂಡಿಸಿದ. ದೀಪ ನಿಂತಿತು. ಸುಮಾರು ಎಪ್ಪತ್ತು ಮೀಟರ್ ವೈರಿನ ಮೇಲೆ ಸೆಕೆಂಡಿಗೆ ಅರವತ್ತು ಮೆಗಾಬಿಟ್ ದಾಟಿತು. ಕಾಟಾದ ಅಂಕಿಗೆ ಅದರ ನೂರನೇ ಒಂದು ಪಾಲೂ ಬೇಡ. ಉಳಿದದ್ದರಲ್ಲಿ ಗೋದಾಮಿಗೆ ಒಂದು ಕ್ಯಾಮರಾ ಹಾಕೋಣ ಅಂತ ಸ್ನೇಹಿತರು ಅಂದರು. ಎರಡು ಪೆಟ್ಟಿಗೆಗೆ ಕೊಟ್ಟ ದುಡ್ಡು ಗೋಡೆ ಒಡೆದು, ಮತ್ತೆ ಮೆತ್ತಿ, ಮತ್ತೆ ಬಣ್ಣ ಹೊಡೆಸುವ ಖರ್ಚಿಗಿಂತ ಕಮ್ಮಿಯೇ ಆಯಿತು.

ಇಷ್ಟು ಓದಿ ಯಾರೂ ಇಕ್ಕಳ ಹಿಡಿದು ಏಕದಂ ಏರಬೇಡಿ. ಜೀವಂತ ಫೋನ್ ಲೈನಿನಲ್ಲಿ ಸದಾ 48 ವೋಲ್ಟ್ ಇರುತ್ತದೆ, ರಿಂಗ್ ಬಂದಾಗ 75 ವೋಲ್ಟ್ ದಾಟುತ್ತದೆ. ಪೆಟ್ಟಿಗೆ ಸುಟ್ಟೀತು, ಕೈಗೂ ಜುಮ್ ಅಂದೀತು. ಹೊರಗಿನ ಕಂಬದಿಂದ ಬರುವ ತಂತಿ ಬೇರೆಯಾಗಿದೆಯೇ ಅಂತ ಮೊದಲು ನೋಡಬೇಕು. ಹೊರಗಿನದು ಟೆಲಿಫೋನಿನವರದು, ಅದನ್ನು ನಾವು ಮುಟ್ಟಬಾರದು. ಇನ್ನೂ ಫೋನಿನ ಲೈನಿನ ಮೇಲೇ ಬ್ರಾಡ್‌ಬ್ಯಾಂಡ್ ಇಟ್ಟುಕೊಂಡವರಿದ್ದರೆ ಅದೇ ಜೋಡಿಯ ಮೇಲೆ ಇದನ್ನು ಹಚ್ಚಬಾರದು, ಎರಡೂ ಒಂದೇ ಜಾಗಕ್ಕೆ ಬಡಿದಾಡುತ್ತವೆ. ಎಲ್ಲಕ್ಕಿಂತ ದೊಡ್ಡದು ಸಿಡಿಲು. ಅಂಗಳದ ಮೇಲೆ ಬಯಲಿನಲ್ಲಿ ಹೋದ ತಂತಿ ಸಿಡಿಲಿನ ಹೊಡೆತವನ್ನು ಮನೆಯೊಳಗೆ ಕರೆದು ತರುತ್ತದೆ. ಎರಡೂ ತುದಿಗೆ ಸಿಡಿಲು ತಡೆಯುವ ಅರೆಸ್ಟರ್ ಹಾಕಿಸಿ ಅರ್ಥಿಂಗ್ ಸರಿ ಮಾಡಿಸಬೇಕು. ಮುಂಗಾರಿನ ಮೊದಲ ಮಳೆ ಗುಡುಗುವಾಗ ಪ್ಲಗ್ ಕಿತ್ತಿಟ್ಟರೆ ಇನ್ನೂ ಒಳ್ಳೆಯದು. ಇನ್ನು ಹೊಸ ಮನೆ ಕಟ್ಟುವವರಿಗೆ ನನ್ನ ಈ ಮಾತು ಯಾವುದೂ ಅನ್ವಯಿಸುವುದಿಲ್ಲ. ಪೈಪ್ ಹಾಕಿ ಹೊಸ ನೆಟ್‌ವರ್ಕ್ ಕೇಬಲ್ಲೇ ಎಳೆಸಿ. ಹಳೇ ಮನೆಯಲ್ಲೂ ವೈರು ಪೈಪಿನೊಳಗೆ ಸಡಿಲಾಗಿ ಇದ್ದರೆ, ಅದರ ತುದಿಗೇ ಹೊಸ ಕೇಬಲ್ ಕಟ್ಟಿ ಎಳೆದುಕೊಳ್ಳಬಹುದು. ಹಳೇ ವೈರು ಆಗ ಲಾಡಿ ಹಾಕುವ ಕಡ್ಡಿಯ ಕೆಲಸ ಮಾಡುತ್ತದೆ. ಮೊಳೆ ಹೊಡೆದು ಕೂಡಿಸಿದ್ದರೆ ಮಾತ್ರ ಪೆಟ್ಟಿಗೆಯ ದಾರಿ.

ಈ ತಾಮ್ರದ ವಿಷಯದಲ್ಲಿ ಸರ್ಕಾರವೂ ಒಂದು ಸಲ ಕೈತಪ್ಪಿಸಿಕೊಂಡಿದೆ ಅಂತ ನನ್ನ ಅಭಿಪ್ರಾಯ. 2004ರಲ್ಲಿ ಟ್ರಾಯ್, ಸರ್ಕಾರಿ ಟೆಲಿಫೋನಿನ ಮನೆ ಬಾಗಿಲ ತಾಮ್ರವನ್ನು ಬೇರೆ ಇಂಟರ್‌ನೆಟ್ ಕಂಪನಿಗಳಿಗೂ ಬಾಡಿಗೆಗೆ ಬಿಡಿ ಅಂತ ಶಿಫಾರಸು ಮಾಡಿತ್ತು. ಆ ವರ್ಷದ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಕಡ್ಡಾಯ ಮಾಡಲಿಲ್ಲ, ಪರಸ್ಪರ ಒಪ್ಪಿದರೆ ಮಾಡಿಕೊಳ್ಳಿ ಅಂದಿತು. ಒಪ್ಪುವವರು ಯಾರು? 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ಆಗಿನ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಬ್ರಾಡ್‌ಬ್ಯಾಂಡ್! ಎಕ್ಸ್‌ಚೇಂಜಿನ ಬಗಲಲ್ಲಿ ಇದ್ದವರಿಗೆ ಅದು ಸಂಪೂರ್ಣ ಬಂತು. ಮೂರು ನಾಲ್ಕು ಕಿಲೋಮೀಟರ್ ಆಚೆಗೆ ಸೊರಗಿತು. ಹಳ್ಳಿಗೆ ತಲುಪುವಷ್ಟರಲ್ಲಿ ಒಣ ಕಾಲುವೆ. ಆರ್‌ಡಿಎಸ್ ಕಾಲುವೆಯ ಕೊನೆಗಿರುವ ಆಲಂಪುರ ಕಡೆಯ ರೈತರಿಗೆ, ತುಂಗಭದ್ರಾ ಎಡದಂಡೆಯ ತುದಿಯಲ್ಲಿರುವ ರಾಯಚೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂತಿ ಉದ್ದವಾದಷ್ಟೂ ಸಂಕೇತ ಸೋರಿಹೋಗುತ್ತದೆ. ಆದ್ದರಿಂದ ಊರಿಂದೂರಿಗೆ ಫೈಬರ್ ಬಂದದ್ದು ಒಳ್ಳೆಯದೇ, ಅದನ್ನು ನಾನು ಬೇಡ ಅನ್ನುವುದಿಲ್ಲ. ಬಾಗಿಲತನಕ ಫೈಬರ್, ಬಾಗಿಲೊಳಗೆ ಇದ್ದ ತಾಮ್ರ. ಒಳಗಿನ ದೂರ ಮೊಳದ ಲೆಕ್ಕದ್ದು, ಅಲ್ಲಿ ತಾಮ್ರ ಸೊರಗುವುದಿಲ್ಲ. ಗದ್ವಾಲ್ ಸೀರೆಯಲ್ಲಿ ಒಡಲು ಹತ್ತಿಯದು, ಅಂಚು ರೇಷ್ಮೆಯದು. ನೇಕಾರ ಎರಡನ್ನೂ ಒಂದೇ ಮಗ್ಗದಲ್ಲಿ ಎಳೆಗೆ ಎಳೆ ಕೂಡಿಸುತ್ತಾನೆ, ಯಾರೂ ಕೀಳು ಅನ್ನುವುದಿಲ್ಲ.

ಗದ್ವಾಲಿನ ಮಾತು ಬಂದಿತಲ್ಲ. ನಡಿಗಡ್ಡದಲ್ಲಿ ಹತ್ತಿಬೀಜದ ಪ್ಲಾಟು ಮಾಡುವವರಿಗೆ ಗೊತ್ತು, ಬೀಜದ ವ್ಯವಹಾರ ಪೂರ್ತಿ ಲಾಟಿನ ನಂಬರಿನ ಮೇಲೆ ನಿಂತಿದೆ. ಜಿನ್ನಿಂಗ್ ನಡೆಯುವುದು ಒಂದು ಶೆಡ್ಡಿನಲ್ಲಿ, ತೂಕ ಇನ್ನೊಂದು ಕಡೆ, ಲೆಕ್ಕ ಬರೆಯುವ ಕೋಣೆ ಗೇಟಿನ ಹತ್ತಿರ. ಒಂದು ಲಾಟು ಅದಲುಬದಲಾದರೆ ರೈತನ ಇಡೀ ವರ್ಷದ ಬೀಜ ಫೇಲಾದವರ ಸಾಲಿಗೆ ಹೋಗಿ ಕೂಡುತ್ತದೆ. ಇಂಥ ಹಳೇ ಮಿಲ್ಲುಗಳಲ್ಲಿ ಇಂಟರ್‌ಕಾಮ್ ವೈರು ಇದ್ದೇ ಇರುತ್ತದೆ, ವೇಬ್ರಿಜ್ಜಿನಿಂದ ಆಫೀಸಿಗೆ, ಆಫೀಸಿನಿಂದ ಮಾಲೀಕರ ಮನೆಗೆ. ಮಕ್ತಲ್ ಕಡೆಯ ಅಕ್ಕಿ ಮಿಲ್ಲುಗಳದೂ ಅದೇ ಪಾಡು. ಮಿಲ್ಲಿನ ಮೋಟರುಗಳ ನಡುವೆ ಹಾದ ಚಪ್ಪಟೆ ವೈರು ಗದ್ದಲ ಹಿಡಿಯುತ್ತದೆ, ಹೊಸೆದ ವೈರಾದರೆ ಪರವಾಗಿಲ್ಲ. ಒಂದು ಇಂಚು ಸಿಪ್ಪೆ ಸುಲಿದರೆ ಹೊಸೆದದ್ದೋ ಅಲ್ಲವೋ ಕಣ್ಣಿಗೇ ಕಾಣುತ್ತದೆ. ಹಳ್ಳಿಗಳ ಬಗ್ಗೆ ಮಾತ್ರ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ನಮ್ಮ ಊರಲ್ಲಿ ಇದ್ದದ್ದೇ ಮೂರು ಫೋನು, ವೈರು ಎಂದೋ ದನ ಕಟ್ಟುವ ಹಗ್ಗ ಆಗಿಹೋಗಿದೆ.

ಕೈಯಲ್ಲಿ ಮೊಬೈಲ್ ಇರುವಾಗ ವೈರಿನ ಗೊಡವೆ ಯಾಕೆ ಅಂತ ಹುಡುಗರು ಕೇಳುತ್ತಾರೆ. ಗಡಿಯಲ್ಲಿ ಬದುಕುವ ನಮಗೆ ಗಾಳಿಯ ಮೇಲಿನ ಮಾತಿನ ಅನುಭವ ಸಾಕಷ್ಟಿದೆ. ಕೃಷ್ಣಾ ಸ್ಟೇಷನ್ನಿನ ಕಡೆ ಹೊಲದಲ್ಲಿ ನಿಂತರೆ ಫೋನು ಒಂದು ಗಳಿಗೆ ಈ ದಂಡೆಯ ಟವರ್ ಹಿಡಿಯುತ್ತದೆ, ಒಂದು ಗಳಿಗೆ ಹೊಳೆಯಾಚೆ ಶಕ್ತಿನಗರದ ಕಡೆಯದು. ರೋಮಿಂಗ್ ದರ ಇದ್ದ ಕಾಲದಲ್ಲಿ ಸ್ವಂತ ಹೊಲದಲ್ಲಿ ನಿಂತು ಪರದೇಶಿಯ ಹಾಗೆ ದುಡ್ಡು ಕಳೆದುಕೊಂಡಿದ್ದೇವೆ. ಈಗ ದುಡ್ಡು ಹೋಗುವುದಿಲ್ಲ, ಮಾತು ಹೋಗುತ್ತದೆ. ಪೇಟೆಯಲ್ಲಿ ಸಿಗ್ನಲ್ ಚೆನ್ನಾಗಿದೆ, ನಿಜ. ಆದರೆ ತಗಡಿನ ಗೋದಾಮಿನೊಳಗೆ ಹೋಗಿ ನೋಡಿ. ಅದೂ ಅಲ್ಲದೆ ತೂಕ ಹೇಳಲು ಮೊಬೈಲ್ ಹಿಡಿದರೆ ಮತ್ತೆ ಅದೇ ಇರವೈ, ಅದೇ ಅರವೈ.

ನನ್ನ ವಿನಂತಿ ಮೂರು ಜನಕ್ಕೆ. ಹಳೇ ಮಾರುಕಟ್ಟೆ ಪ್ರಾಂಗಣಗಳ ಅಂಗಡಿ ರಿಪೇರಿ ಮಾಡಿಸುವ ಕಮಿಟಿಗಳು ಗುತ್ತಿಗೆದಾರನಿಗೆ ಬೀಗದ ಕೈ ಕೊಡುವ ಮುಂಚೆ ಒಬ್ಬ ತಿಳಿದವನಿಂದ ಒಳಗಿನ ವೈರುಗಳನ್ನು ತೋರಿಸಲಿ, ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಒಂದು ಹಾಳೆಯಲ್ಲಿ ಬರೆಸಿಡಲಿ. ನಮ್ಮ ಊರುಗಳ ಎಲೆಕ್ಟ್ರಿಷಿಯನ್ನರು ಈ ಪೆಟ್ಟಿಗೆಯ ಕೆಲಸ ಕಲಿಯಲಿ, ಕಷ್ಟದ್ದೇನಲ್ಲ, ನನ್ನಂಥ ಎಸ್ಸೆಸ್ಸೆಲ್ಸಿಯವನಿಗೂ ಒಂದು ಭಾನುವಾರದಲ್ಲಿ ತಿಳಿಯಿತು. ಹಳೇ ಲೈನ್‌ಮನ್‌ಗಳು ಇನ್ನೂ ಊರಲ್ಲಿದ್ದಾರೆ, ನಿವೃತ್ತರಾಗಿ ಕಟ್ಟೆಯ ಮೇಲೆ ಕುಳಿತಿದ್ದಾರೆ. ಯಾವ ಗೋಡೆಯಲ್ಲಿ ಯಾವ ಜೋಡಿ ಅಂತ ಅವರ ಬಾಯಲ್ಲೇ ಇದೆ, ಕರೆದು ಕೇಳಲಿ.

ಮೂರನೆಯವರು ವ್ಯಾಪಾರಸ್ಥರು. ಅವರಿಗೆ ಹೇಳುವುದು ವೈರಿನ ಮಾತಲ್ಲ. ಗೋದಾಮಿನ ತೂಕ ಅಂಗಡಿಯ ಪರದೆಗೆ ಬಂದರೆ ಅರ್ಧ ಕೆಲಸವಾಯಿತು, ಆ ಪರದೆ ಯಾವ ಕಡೆ ಮುಖ ಮಾಡಿದೆ ಎಂಬುದು ಇನ್ನರ್ಧ. ಈಗ ಎಲ್ಲ ಅಂಗಡಿಗಳಲ್ಲೂ ಅದು ಗಾದಿಯ ಕಡೆ ತಿರುಗಿದೆ, ರೈತನಿಗೆ ಕಾಣುವುದು ಪರದೆಯ ಬೆನ್ನು ಮತ್ತು ಅದರ ಮೇಲಿನ ಕುಂಕುಮ. ತಕ್‌ಪಟ್ಟಿ ಕೈಗೆ ಬಂದ ಮೇಲೆ ಓದಿ ತಿಳಿಯುವುದು ಬೇರೆ, ಚೀಲ ಕಾಟಾದ ಮೇಲೆ ಇರುವಾಗಲೇ ಅಂಕಿ ಕಣ್ಣಾರೆ ನೋಡುವುದು ಬೇರೆ. ಅದೇ ತಂತಿಯ ಮೇಲೆ ಇನ್ನೊಂದು ಚಿಕ್ಕ ಪರದೆ ಹಚ್ಚಲು ಹೆಚ್ಚಿನ ಖರ್ಚೇನೂ ಇಲ್ಲ. ವ್ಯಾಪಾರಸ್ಥರಿಗೂ ಲಾಭವೇ, ನನ್ನಂಥವನು ಬಂದು ಎರಡು ತಾಸು ಕೂಗಾಡುವುದು ತಪ್ಪುತ್ತದೆ.

ನಾರಾಯಣಪೇಟೆಯ ಸ್ನೇಹಿತರಿಗೆ ಇದನ್ನೂ ಹೇಳಿದೆ. ವೈರಿನ ಮಾತಿಗೆ ತಕ್ಷಣ ಒಪ್ಪಿದವರು ಈ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಚಾ ತರಿಸಿದರು. “ಪೆಳ್ಳಿ ಅಯಿಪೋನೀಯಂಡಿ, ಚೂದ್ದಾಂ” ಅಂದಿದ್ದಾರೆ. ಮದುವೆಗೆ ಹೋಗುವವನಿದ್ದೇನೆ, ಮತ್ತೆ ಕೇಳುತ್ತೇನೆ.